ಹುಲ್ಲಿನ ಸಾಗಣೆಯೂ ಎಥನಾಲ್ ಕಾರ್ಖಾನೆಯ ಗಾತ್ರವೂ

ಭತ್ತದ ಹುಲ್ಲು, ಜೋಳದ ದಂಟು, ಕಬ್ಬಿನ ಸಿಪ್ಪೆ ಮೊದಲಾದವುಗಳಿಂದ ಮೋಟಾರುಗಾಡಿಗಳಿಗೆ ಉಪಯುಕ್ತವಾದ ಎಥನಾಲ್ ಎಂಬ ಮದ್ಯಸಾರವನ್ನು ತೆಗೆಯಬಹುದು. ಇಂತಹ ಕಾರ್ಖಾನೆಯ ಪ್ರಸ್ತಾಪ ಬಂದೊಡನೆ, ಅದು ದೊಡ್ಡದಾದಷ್ಟೂ ರೈತರಿಗೆ ಲಾಭವೆಂದು ಹೇಳುವುದು ವಾಡಿಕೆ. ಇದರಲ್ಲಿ ಅರ್ಧ ಮಾತ್ರ ನಿಜ.

ಎರಡರಷ್ಟು ಹಿಡಿಯುವ ಹಂಡೆಗೆ ಎರಡರಷ್ಟು ತಾಮ್ರ ಬೇಕಾಗುವುದಿಲ್ಲವಷ್ಟೆ. ಅದರಂತೆಯೇ ಕಾರ್ಖಾನೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಯಂತ್ರಗಳ ಬೆಲೆ ಸುಮಾರು ಎರಡೂಕಾಲು ಪಟ್ಟು ಮಾತ್ರ ಆಗುವುದೆಂಬುದು ಎಂಜಿನಿಯರುಗಳ ಸ್ಥೂಲವಾದ ಲೆಕ್ಕ. ಆದಕಾರಣ ಯಂತ್ರದ ಖರ್ಚು ಟನ್ನೊಂದಕ್ಕೆ ಇಳಿಯುವುದು.

ಹುಲ್ಲಿನ ಸಂಗತಿಯು ಬೇರೆ. ನಾಲ್ಕು ಪಟ್ಟು ಹುಲ್ಲು ಬೇಕಾದರೆ ನಾಲ್ಕು ಪಟ್ಟು ಭೂಮಿ ಬೇಕು. ಅಂದರೆ ಕಾರ್ಖಾನೆಯ ಸುತ್ತಣ ವೃತ್ತದ ತ್ರಿಜ್ಯವು ಎರಡರಷ್ಟಾಗಬೇಕು. ಆಗ ಪ್ರತಿಯೊಂದು ಟನ್ನೂ ಸರಾಸರಿಯಲ್ಲಿ ಎರಡರಷ್ಟು ದೂರ ಸಾಗಬೇಕಾಗುವುದು. ಹಳ್ಳಿಯ ದಾರಿಗಳು ನೇರವಾಗಿಲ್ಲದಿರುವುದರಿಂದ ನಿಜವಾದ ದೂರವು ನಕ್ಷೆಯಲ್ಲಿ ಕಾಣುವುದಕ್ಕಿಂತ ಹೆಚ್ಚು. ಯಂತ್ರದಲ್ಲಿ ಉಳಿಯುವ ಹಣಕ್ಕಿಂತ ದಾರಿಯಲ್ಲಿ ಕಳೆಯುವ ಹಣವು ಹೆಚ್ಚಾಗತೊಡಗುವ ಗಾತ್ರವೇ ಕಾರ್ಖಾನೆಯ ಮಿತಿ.

ಹರಿಯಾಣದ ಪಾಣಿಪತ್ತಿನಲ್ಲಿ 2022ನೆಯ ಆಗಸ್ಟ್ 10ರಂದು ಉದ್ಘಾಟನೆಯಾದ ಕಾರ್ಖಾನೆಯನ್ನು ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವಂತೆ ಯೋಜಿಸಲಾಯಿತು. ಎಕರೆಗೆ 2 ಟನ್ನೆಂದು ಎಣಿಸಿದರೆ 1 ಲಕ್ಷ ಎಕರೆಯ ಹುಲ್ಲು ಬೇಕು. ಸುತ್ತಲೂ ಭತ್ತವೇ ಇದ್ದು ಹುಲ್ಲೆಲ್ಲವೂ ದೊರೆಯುವುದಾದರೆ 11 ಕಿಲೋಮೀಟರಿಗೆ ತುಸು ಮೇಲ್ಪಟ್ಟ ತ್ರಿಜ್ಯವು ಸಾಕು. ನಾಲ್ಕರಲ್ಲಿ ಒಂದು ಪಾಲು ಮಾತ್ರ ದೊರೆತರೆ ಅದು ಸುಮಾರು 23 ಕಿಲೋಮೀಟರ್ ಆಗುವುದು. ಇದಲ್ಲದೆ ಅಲ್ಲಿ ಭತ್ತದ ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ಕೆಲವೇ ವಾರಗಳ ಅವಕಾಶವಿರುವುದರಿಂದ, ವರ್ಷದ ಹುಲ್ಲನ್ನೆಲ್ಲ ಅಷ್ಟರೊಳಗೆ ಎತ್ತಿ ಬಣವೆಯೊಟ್ಟಬೇಕು.

ಬಿಡಿಹುಲ್ಲು ತೂಕಕ್ಕಿಂತ ಮುಂಚೆಯೇ ಗಾಡಿಯನ್ನು ತುಂಬಿಬಿಡುವುದು. ಒತ್ತಿ ಪಿಂಡಿ ಕಟ್ಟಿದರೆ ಅದೇ ಗಾಡಿಯು ಎರಡು ಮೂರು ಪಟ್ಟು ತೂಕವನ್ನು ಒಯ್ಯಬಲ್ಲದು. ಹೇರುವ ಇಳಿಸುವ ಕೂಲಿಯಾದರೋ ಹತ್ತಿರದ ಊರಿಗೂ ದೂರದ ಊರಿಗೂ ಒಂದೇ.

ಕಬ್ಬಿನಲ್ಲಿ ಒಂದು ಅನುಕೂಲವುಂಟು. 100 ಟನ್ ಕಬ್ಬನ್ನು ಅರೆದರೆ ಸುಮಾರು 30 ಟನ್ ಹಸಿ ಸಿಪ್ಪೆಯು ಕಾರ್ಖಾನೆಯಲ್ಲಿಯೇ ಉಳಿಯುವುದು. ಅದರ ಬಾಡಿಗೆಯು ಕಬ್ಬಿನೊಂದಿಗೆ ಆಗಲೇ ಸಂದಿರುತ್ತದೆ. ಆದರೆ ಅದರ ಬಹುಭಾಗವು ಕಾರ್ಖಾನೆಯ ಒಲೆಗೇ ಹೋಗುವುದರಿಂದ ಮಿಗುವುದು ಸ್ವಲ್ಪವೇ. ಕಡಿದ ಕಬ್ಬು ಒಣಗಿ ಸಕ್ಕರೆ ಕುಂದುವುದರಿಂದಲೇ ಮಂಡ್ಯದ ಸಕ್ಕರೆ ಕಾರ್ಖಾನೆಯು 1930ರ ದಶಕದಲ್ಲಿ ನಾಲೆಯ ಬಯಲಿಗೆ ಸಮೀಪದಲ್ಲಿ ಸ್ಥಾಪಿತವಾಯಿತು.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪಟೇಲರೂ ಜಮೀನುದಾರರೂ ಪಹಣಿಯ ಎಕರೆಗಳನ್ನು ನೆಚ್ಚದೆ, ದನಗಳ ಮೇವು ಕಳೆದು ಮಿಗುವ ಹುಲ್ಲನ್ನು ಮಾತ್ರ ಲೆಕ್ಕಿಸತಕ್ಕದ್ದು. ಮೇವಿಗೆ ಕೊರತೆಯಿರುವ ಊರು ಈ ವ್ಯವಹಾರಕ್ಕೆ ಕೈಹಾಕದಿರುವುದೇ ಲೇಸು. ಬೆಲೆಯು ಗದ್ದೆಯ ಬಳಿಯದೋ ಕಾರ್ಖಾನೆಯ ಬಾಗಿಲಿನದೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬಾಗಿಲ ಬೆಲೆಯಾದರೆ 20 ಕಿಲೋಮೀಟರ್ ದೂರದ ರೈತನು 5 ಕಿಲೋಮೀಟರ್ ದೂರದವನಿಗಿಂತ ಕಡಿಮೆ ಹಣದೊಂದಿಗೆ ಮನೆಗೆ ಹಿಂತಿರುಗುವನು. ತೇವಕ್ಕಾಗಿ ತೂಕದಲ್ಲಿ ಎಷ್ಟು ಕಡಿಯುವರೆಂಬುದನ್ನೂ ಪತ್ರದಲ್ಲಿಯೇ ಬರೆಸಿಕೊಳ್ಳತಕ್ಕದ್ದು.