ಗೋಡೆ ಏರುವ ಮಕ್ಕಳು ಮತ್ತು ಅನ್ನದ ಭಯ

ಬಾದಾಮಿಯ ಮರಳುಗಲ್ಲಿನ ಬಂಡೆಗಳನ್ನೂ ಹಂಪಿಯ ಹೆಬ್ಬಂಡೆಗಳನ್ನೂ ಏರಲು ಆರೋಹಿಗಳು ದೂರದೂರದಿಂದ ಬರುವುದು ನಮ್ಮ ನಾಡಿಗೆ ಹೊಸತಲ್ಲ. ಈಗ ಆ ಕ್ರೀಡೆ ಸೂರಿನಡಿಗೂ ಬಂದಿದೆ. ಎತ್ತರದ ಕೃತಕ ಗೋಡೆಗೆ ಬಣ್ಣದ ಹಿಡಿಕೆಗಳನ್ನು ಜೋಡಿಸಿ, ಅವುಗಳ ಆಧಾರದಿಂದ ಏರುವ ಈ ಆಟವನ್ನು ಬೆಂಗಳೂರಿನಂತಹ ನಗರಗಳಲ್ಲಿ ಶಾಲಾಮಕ್ಕಳೂ ಕಲಿಯುತ್ತಿದ್ದಾರೆ. 2021ರಲ್ಲಿ ಜರುಗಿದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಧೈರ್ಯ, ಏಕಾಗ್ರತೆ, ದೇಹಬಲಗಳನ್ನು ಬೆಳೆಸುವ ಉತ್ತಮ ಕ್ರೀಡೆಯಿದು. ಆದರೆ ಇದರ ಬೆನ್ನಿಗೇ ಬರಬಹುದಾದ ಒಂದು ಕಾಯಿಲೆಯನ್ನು ತಾಯಿತಂದೆಯರೂ ತರಬೇತುದಾರರೂ ಅರಿತಿರಬೇಕು. ಅದು ಅನ್ನಕ್ಕೆ ಅಂಜುವ ಕಾಯಿಲೆ.

ಹಗುರವಾಗುವ ಹಂಬಲ

ಗೋಡೆ ಏರುವವನು ತನ್ನ ಭಾರವನ್ನು ತನ್ನ ಬೆರಳುಗಳಿಂದಲೇ ಎತ್ತಬೇಕು. ಆದ್ದರಿಂದ ತೂಕ ಇಳಿದರೆ ಏರುವುದು ಸುಲಭವೆಂಬ ಎಣಿಕೆ ಸಹಜವಾಗಿ ಹುಟ್ಟುತ್ತದೆ. ಆರಂಭದ ಕೆಲವು ವಾರ ಅದು ನಿಜವೆಂಬಂತೆಯೂ ತೋರುತ್ತದೆ, ಸುತ್ತಲಿನವರು ಹೊಗಳುತ್ತಾರೆ. ಮಗು ಮೊದಲು ಸಿಹಿಯನ್ನು, ಬಳಿಕ ಎಣ್ಣೆ-ತುಪ್ಪವನ್ನು, ಕೊನೆಗೆ ಅನ್ನ-ರೊಟ್ಟಿಯನ್ನೇ ಬಿಡುತ್ತದೆ. ಅತಿಯಾಗಿ ಊಟ ತೊರೆಯುವ ಅನೊರೆಕ್ಸಿಯಾ, ಮಿತಿಮೀರಿ ತಿಂದು ಬಲವಂತವಾಗಿ ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಮೊದಲಾದ ಮನೋದೈಹಿಕ ಕಾಯಿಲೆಗಳಿಗೆ ಹೀಗೆ ಬಾಗಿಲು ತೆರೆಯಬಹುದು. ಇವು ಹಠವೂ ಅಲ್ಲ, ಷೋಕಿಯೂ ಅಲ್ಲ. ಚಿಕಿತ್ಸೆ ಬೇಡುವ ರೋಗಗಳು. ಹುಡುಗಿಯರಿಗೆ ಮಾತ್ರ ಬರುವುದೆಂಬುದೂ ತಪ್ಪು. ಅಮೆರಿಕದ ಖ್ಯಾತ ಆರೋಹಿ ಕೈ ಲೈಟ್ನರ್ ಎಂಬ ಯುವಕ ತಾನು ಇದರಿಂದ ಬಳಲಿದುದನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ.

ಶರೀರದಲ್ಲಿ ಆಗುವುದೇನು?

ಎತ್ತಿನ ಮೇವನ್ನು ತಗ್ಗಿಸಿ ಉಳುಮೆಯನ್ನು ಹೆಚ್ಚಿಸಿದರೆ ಏನಾಗುವುದೆಂದು ಒಕ್ಕಲಿಗನಿಗೆ ಹೇಳಬೇಕಾಗಿಲ್ಲ. ಉಂಡ ಆಹಾರದ ಶಕ್ತಿಯೆಲ್ಲ ವ್ಯಾಯಾಮಕ್ಕೇ ವ್ಯಯವಾದರೆ ಹೃದಯ, ಎಲುಬು, ಮಿದುಳುಗಳಿಗೆ ಉಳಿಯುವುದು ಅಲ್ಪ. ಆಗ ಶರೀರವು ತುರ್ತಲ್ಲದ ಕಾರ್ಯಗಳನ್ನು ಒಂದೊಂದಾಗಿ ನಿಲ್ಲಿಸತೊಡಗುತ್ತದೆ. ಈ ಸ್ಥಿತಿಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಕ್ರೀಡೆಯಲ್ಲಿನ ಸಾಪೇಕ್ಷ ಶಕ್ತಿಕೊರತೆ ಎಂದು ಹೆಸರಿಸಿದರು. ಹುಡುಗಿಯರಲ್ಲಿ ಮುಟ್ಟು ನಿಲ್ಲುತ್ತದೆ; ಹುಡುಗರಲ್ಲಿ ಪುರುಷ ಹಾರ್ಮೋನು ಕುಗ್ಗುತ್ತದೆ. ಎಲುಬಿನ ಸಾಂದ್ರತೆ ಇಳಿಯುತ್ತದೆ, ನಾಡಿ ನಿಧಾನವಾಗುತ್ತದೆ, ರೋಗನಿರೋಧಕ ಶಕ್ತಿ ಕುಂದುತ್ತದೆ. ಎಲುಬು ಗಟ್ಟಿಯಾಗುವ ಮುಖ್ಯ ಕಾಲವೇ ಹದಿಹರೆಯ. ಅಲ್ಲಿ ಆದ ನಷ್ಟವನ್ನು ಮುಂದೆ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ. ಕಡೆಗೆ ಸ್ನಾಯುಗಳೇ ಕರಗುವುದರಿಂದ, ಯಾವ ಎತ್ತರಕ್ಕಾಗಿ ಊಟ ಬಿಟ್ಟರೋ ಆ ಎತ್ತರವೂ ಕೈತಪ್ಪುತ್ತದೆ.

ಕ್ರೀಡಾಲೋಕವೂ ಇದನ್ನು ಮನಗಾಣುತ್ತಿದೆ. ಎರಡು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ 2023ರಲ್ಲಿ ಈ ಸಮಸ್ಯೆಯ ಬಗ್ಗೆ ಬಹಿರಂಗವಾಗಿ ದನಿ ಎತ್ತಿದರು. ಆಟಗಾರರ ಆರೋಗ್ಯವನ್ನು ಪರಿಶೀಲಿಸುವ ಹೊಸ ನಿಯಮಗಳನ್ನು ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವು 2024ರಲ್ಲಿ ಜಾರಿಗೆ ತಂದಿತು.

ಗುರುತಿಸುವ ಬಗೆ

ಮನೆಯವರೊಡನೆ ಉಣ್ಣಲು ನೆಪ ಹೇಳುವುದು. ಪ್ರತಿ ತುತ್ತಿನ ಲೆಕ್ಕವಿಡುವುದು. ಮತ್ತೆ ಮತ್ತೆ ತೂಕ ನೋಡಿಕೊಳ್ಳುವುದು. ಊಟವಾದೊಡನೆ ಬಚ್ಚಲಿಗೆ ಹೋಗುವುದು. ಸದಾ ಚಳಿ, ತಲೆಸುತ್ತು, ಸಿಡುಕು. ಪದೇ ಪದೇ ಗಾಯ. ಮೂರು ತಿಂಗಳು ಮುಟ್ಟಾಗದಿದ್ದರೆ, ಅಥವಾ ಹದಿನೈದು ತುಂಬಿದರೂ ಋತುಮತಿಯಾಗದಿದ್ದರೆ ವೈದ್ಯರನ್ನು ಕಾಣಲೇಬೇಕು. ಮೈ ಬಡಕಲಾಗಿಲ್ಲವೆಂದು ನಿಶ್ಚಿಂತರಾಗಬಾರದು. ಸಾಮಾನ್ಯ ತೂಕದವರಲ್ಲಿಯೂ ಈ ಕಾಯಿಲೆ ಅಡಗಿರಬಲ್ಲದು. ನಮ್ಮ ಮನೆಗಳಲ್ಲಿ ಅದು ವ್ರತ-ಉಪವಾಸಗಳ ಮರೆಯಲ್ಲಿಯೂ ಅಡಗೀತು. ವರ್ಷಕ್ಕೊಮ್ಮೆ ಶಿವರಾತ್ರಿಗೆ ಮನೆಮಂದಿಯೊಡನೆ ಕೈಗೊಳ್ಳುವ ಉಪವಾಸ ಬೇರೆ. ತೂಕ ಇಳಿಸಲೆಂದು ವಾರವಾರವೂ ಹೊಸ ಉಪವಾಸ ಹುಡುಕುವುದು ಬೇರೆ.

ತಡೆಯುವ ಬಗೆ

ಮೊದಲನೆಯ ಮದ್ದು ಹಿರಿಯರ ನಾಲಗೆಯಲ್ಲಿದೆ. “ಸ್ವಲ್ಪ ಇಳಿದರೆ ಇನ್ನೂ ಚೆನ್ನಾಗಿ ಏರುತ್ತೀಯೆ” ಎಂಬ ತರಬೇತುದಾರರ ಒಂದು ಮಾತು, “ದಪ್ಪಗಾಗಿದ್ದೀಯಲ್ಲ” ಎಂಬ ಬಂಧುಗಳ ಒಂದು ನಗೆಮಾತು ಮಗುವಿನ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯಬಹುದು. ಎಲ್ಲರೆದುರು ತೂಕ ಹಾಕುವ ಪದ್ಧತಿ ಸಲ್ಲದು. ಹೊಗಳುವುದಾದರೆ ಕಾಲಿಡುವ ಜಾಣ್ಮೆಯನ್ನು, ಬಿದ್ದು ಮತ್ತೆ ಏರುವ ಛಲವನ್ನು ಹೊಗಳಬೇಕು. ಬೆಳೆಯುವ ವಯಸ್ಸಿನಲ್ಲಿ ತೂಕ ಏರುವುದು ಆರೋಗ್ಯದ ಲಕ್ಷಣವೆಂದು ಮೊದಲೇ ತಿಳಿಹೇಳಬೇಕು.

ಆಹಾರಕ್ಕೆ ದುಬಾರಿ ಪುಡಿಗಳು ಬೇಕಿಲ್ಲ. ಅಭ್ಯಾಸಕ್ಕೆ ಮುನ್ನ ಬಾಳೆಹಣ್ಣು ಅಥವಾ ಅವಲಕ್ಕಿ. ಮುಗಿದ ಮೇಲೆ ಹಾಲು, ಮೊಸರನ್ನ ಅಥವಾ ಹೆಸರುಬೇಳೆಯ ಕೋಸಂಬರಿ. ಊಟದಲ್ಲಿ ಜೋಳದ ರೊಟ್ಟಿ ಅಥವಾ ರಾಗಿಮುದ್ದೆ, ಬೇಳೆಕಾಳು, ಸೊಪ್ಪು, ಶೇಂಗಾ ಚಟ್ನಿ, ತುಸು ತುಪ್ಪ. ವಾರದಲ್ಲಿ ವಿಶ್ರಾಂತಿಯ ದಿನಗಳಿರಲಿ; ಆ ದಿನಗಳಲ್ಲಿಯೂ ಊಟ ತಪ್ಪದಿರಲಿ.

ಕಾಯಿಲೆ ಕಂಡಾಗ

ಗದರಿಸಬಾರದು, ಬಲವಂತವಾಗಿ ತುರುಕಬಾರದು. ಏಕಾಂತದಲ್ಲಿ, “ನೀನು ಸೊರಗಿರುವುದನ್ನು ಕಂಡು ಚಿಂತೆಯಾಗಿದೆ” ಎಂದು ಮೃದುವಾಗಿ ಮಾತು ಆರಂಭಿಸಬೇಕು. ವೈದ್ಯರು, ಮನೋವೈದ್ಯರು, ಆಹಾರತಜ್ಞರು ಕೂಡಿ ನೀಡುವ ಚಿಕಿತ್ಸೆಯೇ ಸರಿಯಾದ ಮಾರ್ಗ. ಹದಿಹರೆಯದವರಲ್ಲಿ ಕುಟುಂಬವೇ ಜೊತೆ ಕುಳಿತು ಉಣಿಸುವ ಚಿಕಿತ್ಸಾಕ್ರಮ ಫಲಕಾರಿಯೆಂದು ಕಂಡುಬಂದಿದೆ. ಬಹುಕಾಲ ಉಪವಾಸವಿದ್ದು ತೀರ ಕೃಶವಾದವರಿಗೆ ಒಮ್ಮೆಲೇ ಹೆಚ್ಚು ಉಣಿಸಿದರೆ ರಕ್ತದ ಲವಣಾಂಶಗಳು ಏರುಪೇರಾಗಿ ಪ್ರಾಣಾಪಾಯವಾಗಬಹುದು. ಅಂಥವರಿಗೆ ಆಸ್ಪತ್ರೆಯ ನಿಗಾ ಬೇಕು. ಮೂರ್ಛೆ ಬಂದರೆ, ಎದೆಬಡಿತ ತಪ್ಪಿದರೆ ತಡಮಾಡಲಾಗದು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಲಭ್ಯವಿದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಗೋಡೆಗೆ ಮರಳುವುದು ವೈದ್ಯರ ಒಪ್ಪಿಗೆ ದೊರೆತ ಬಳಿಕವೇ.

ಬಸವಾದಿ ಶರಣರು ಶರೀರವನ್ನು ಶಿವನ ಆಲಯವೆಂದು ಭಾವಿಸಿದರು. ಅದನ್ನು ದಂಡಿಸಿ ಒಣಗಿಸುವುದನ್ನು ಸಾಧನೆಯೆಂದು ಎಣಿಸಲಿಲ್ಲ. ಅಷ್ಟಾವರಣಗಳಲ್ಲಿ ಪ್ರಸಾದಕ್ಕೂ ಸ್ಥಾನವಿದೆ. ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವ ಮನೆಯಲ್ಲಿ ಅದಕ್ಕೆ ಹೆದರುವ ಮಗುವೊಂದು ಇದ್ದರೆ, ಮನೆಮಂದಿಯೆಲ್ಲ ದಿನಕ್ಕೊಮ್ಮೆಯಾದರೂ ಒಂದೇ ಪಂಕ್ತಿಯಲ್ಲಿ ಕುಳಿತು, ತೂಕದ ಮಾತೆತ್ತದೆ, ಅದರೊಡನೆ ಉಣ್ಣಲಿ. ಈ ರೂಢಿಯನ್ನು ಇಂದಿನ ರಾತ್ರಿಯ ಊಟದಿಂದಲೇ ಆರಂಭಿಸಬಹುದು.