ಮರದ ಸಾಮಾನಿಗೆ ಯಾವ ಮೆರುಗು?



ಬಿಡುವಿನ ವೇಳೆಯಲ್ಲಿ ಹಲಸಿನ ಮರದ ಸೌಟು, ಲಟ್ಟಣಿಗೆ, ಆಟಿಕೆಗಳನ್ನು ಮಾಡಿ ಸುಬ್ರಹ್ಮಣ್ಯ, ಪುತ್ತೂರು ಜಾತ್ರೆಗಳಲ್ಲಿ ಮಾರುವವರಿಗೆ ಈ ಮಾತು. ಕೊಳ್ಳುವವರು ಹೊಳಪು ನೋಡುತ್ತಾರೆ. ಮಾರುವ ನೀವು, ಆ ಸಾಮಾನು ಒಲೆಯ ಬಳಿಗೆ ಹೋಗುವುದೋ ಮಗುವಿನ ಬಾಯಿಗೆ ಹೋಗುವುದೋ ಎಂದು ಮೊದಲು ಯೋಚಿಸಬೇಕು.

1. ಅಡುಗೆಯ ಸಾಮಾನು: ವಾರ್ನಿಶ್ ಬೇಡ; ಬಿಸಿ ಸಾರಿನಲ್ಲಿ ಅದು ಸಿಪ್ಪೆ ಏಳುತ್ತದೆ. ತೆಂಗಿನೆಣ್ಣೆ ಮರದ ಮೇಲೆ ಒಣಗಿ ಗಟ್ಟಿಯಾಗುವುದಿಲ್ಲ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಲಟ್ಟಣಿಗೆಗೆ ಸರಿ, ಸೌಟಿಗೆ ಸಾಲದು. ಸೌಟಿಗೆ ತಿನ್ನಲು ಬರುವ ಶುದ್ಧ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಹೆಚ್ಚಾದುದನ್ನು ಒರೆಸಿ, ಎರಡು-ಮೂರು ವಾರ ಒಣಗಿಸಿರಿ. ಬೇಗ ಒಣಗಲೆಂದು ಪೈಂಟಿನ ಅಂಗಡಿಯ ಅಗಸೆ ಎಣ್ಣೆಗೆ ಲೋಹದ ಲವಣ ಬೆರೆಸಿರುವುದುಂಟು, ಅದು ಬೇಡ.

2. ಆಟಿಕೆ: ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಲೇತ್ ಯಂತ್ರ ಇಲ್ಲದವರು ಮರವನ್ನು ನುಣುಪು ಮಾಡಿ ಜೇನುಮೇಣ ತಿಕ್ಕಿದರೆ ಸಾಕು.

3. ಗೇರುಸಿಪ್ಪೆಯ ಎಣ್ಣೆ: ಹುಳು ಹಿಡಿಯದಂತೆ ಮಾಡಿನ ಮರಕ್ಕೆ ಬಳಿಯಲು ಒಳ್ಳೆಯದು. ಆದರೆ ಅದು ಚರ್ಮವನ್ನು ಸುಡುತ್ತದೆ. ಕೈಗೆ, ಬಾಯಿಗೆ ತಾಗುವ ಸಾಮಾನಿಗೆ ಕೂಡದು.

ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹಟ್ಟಿಯಲ್ಲಾಗಲಿ, ಬೈಹುಲ್ಲಿನ ಬಳಿಯಲ್ಲಾಗಲಿ ಎಸೆಯಬೇಡಿರಿ. ಎಣ್ಣೆ ಒಣಗುವಾಗ ಬಿಸಿಯೇರಿ, ಕಿಡಿ ಸೋಂಕದೆಯೂ ಬಟ್ಟೆಗೆ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿರಿ.

ಮೊದಲು ಒಂದು ಸೌಟಿಗೆ ಎಣ್ಣೆ ಸವರಿ, ಒಣಗಿದ ಮೇಲೆ ನಿಮ್ಮ ಮನೆಯಲ್ಲೇ ಒಂದು ತಿಂಗಳು ಬಳಸಿ ನೋಡಿರಿ. ಅಡುಗೆ ಮಾಡುವವರು ಒಪ್ಪಿದರೆ ಉಳಿದವಕ್ಕೂ ಸವರಿ, ಜಾತ್ರೆಗೆ ಒಯ್ಯಿರಿ.