ಬಾಗಿಲು ತೆಗೆದವರು ಯಾರು? ನಾಯಿಮರಿಗಳ ನ್ಯುಮೋನಿಯಾ ಕಲಿಸಿದ ಪಾಠಗಳು

ವರ್ಷ ತುಂಬದ ನಾಯಿಗೆ ಶ್ವಾಸಕೋಶದ ಕಾಯಿಲೆ ಎಂದರೆ ಬಹುಮಟ್ಟಿಗೆ ನ್ಯುಮೋನಿಯಾವೇ. ಹಾಗೆಂದು ಚೀಟಿಯಲ್ಲಿ ‘ನ್ಯುಮೋನಿಯಾ’ ಎಂದು ಬರೆದ ಮಾತ್ರಕ್ಕೆ ರೋಗ ಪತ್ತೆಯಾಯಿತು ಅಂತಲ್ಲ. ಗಟ್ಟಿಮುಟ್ಟಾದ ಮರಿಯ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ಸುಮ್ಮನೆ ಇಳಿಯುವುದು ಅಪರೂಪ. ಯಾರೋ ಒಳಗಿನಿಂದ ಬಾಗಿಲು ತೆಗೆದಿರುತ್ತಾರೆ. ಅವರನ್ನು ಹುಡುಕದೆ ಆ್ಯಂಟಿಬಯೊಟಿಕ್ ಕೊಟ್ಟರೆ ಮರಿ ಹುಷಾರಾದಂತೆ ಕಂಡು, ತಿಂಗಳೊಳಗೆ ಅದೇ ಕೆಮ್ಮಿನೊಂದಿಗೆ ವಾಪಸ್ಸು ಬರುತ್ತದೆ.

1. ಮುಟ್ಟುವ ಮೊದಲು ನೋಡಿ

ಸ್ಟೆತಾಸ್ಕೋಪ್ ಸ್ವಲ್ಪ ಹೊತ್ತು ಕೊರಳಲ್ಲೇ ಇರಲಿ. ಮರಿ ಮನೆಯವರ ತೊಡೆಯ ಮೇಲಿರುವಾಗಲೇ ದೂರದಿಂದ ಗಮನಿಸಿ. ಕತ್ತು ಮುಂದಕ್ಕೆ ಚಾಚಿದೆಯೇ? ಮುಂಗಾಲು ಅಗಲಿಸಿ ಕೂತಿದೆಯೇ? ಮಲಗಲು ಹೋಗಿ ಮತ್ತೆ ಎದ್ದು ಕೂರುತ್ತಿದೆಯೇ? ಪ್ರತಿ ಉಸಿರಿಗೂ ಹೊಟ್ಟೆ ಹಾರುತ್ತಿದೆಯೇ? ಇಂಥ ಮರಿಯನ್ನು ಟೇಬಲ್ಲಿಗೆ ಎಳೆದು, ರಕ್ತ ತೆಗೆಯಲು ಕಾಲು ಹಿಡಿದರೆ ಅಲ್ಲೇ ಪ್ರಾಣ ಬಿಟ್ಟೀತು. ಮೊದಲು ಆಮ್ಲಜನಕ, ಮಿಕ್ಕಿದ್ದು ಆಮೇಲೆ.

ಮನೆಯವರಿಗೆ ನಾನು ಹೇಳುವ ಕೆಲಸ ಒಂದೇ: ನಿದ್ದೆಯಲ್ಲಿ ಉಸಿರು ಎಣಿಸಿ. ಎದೆ ಏರಿ ಇಳಿದರೆ ಒಂದು. ಗಾಢ ನಿದ್ದೆಯಲ್ಲಿ ನಿಮಿಷಕ್ಕೆ 30 ದಾಟಬಾರದು. ಕನಸು ಕಾಣುತ್ತ ಕಾಲಾಡಿಸುವಾಗಿನ ಎಣಿಕೆ ಲೆಕ್ಕಕ್ಕಿಲ್ಲ, ಬಿಸಿಲಿಗೆ ನಾಲಿಗೆ ಚಾಚಿ ತೇಕುವಾಗಿನದೂ ಇಲ್ಲ.

ಒಸಡು ನೀಲಿಯಾಗಲಿ ಎಂದು ಕಾಯಬೇಡಿ. ಅದು ತೀರಾ ಕೊನೆಯ ಘಟ್ಟ. ರಕ್ತವೇ ಇಲ್ಲದ ಮರಿಯ ಒಸಡು ನೀಲಿಯಾಗುವುದೂ ಇಲ್ಲ, ಅದಕ್ಕೆ ಬೇಕಾದಷ್ಟು ಹಿಮೋಗ್ಲೋಬಿನ್ ಅದರಲ್ಲಿರುವುದಿಲ್ಲ. ಒಸಡು ಸುಣ್ಣದಂತೆ ಬಿಳಿಚಿ ಉಸಿರು ಓಡುತ್ತಿದ್ದರೆ ಉಣ್ಣೆ, ಚಿಗಟ, ಕೊಕ್ಕೆಹುಳುಗಳನ್ನು ಹುಡುಕಿ. ಶ್ವಾಸಕೋಶ ಚೆನ್ನಾಗಿಯೇ ಇರಬಹುದು.

2. ‘ಗಂಟಲಲ್ಲಿ ಮೂಳೆ ಸಿಕ್ಕೊಂಡಿದೆ’

“ಡಾಕ್ಟ್ರೇ, ಚಿಕನ್ ಮೂಳೆ ಸಿಕ್ಕೊಂಡ್ಬಿಟ್ಟಿದೆ, ತೆಗೆದುಬಿಡಿ” ಎಂದು ಬರುವ ಮರಿಗಳಲ್ಲಿ ಹೆಚ್ಚಿನವಕ್ಕೆ ಇರುವುದು ಕೆನಲ್ ಕಾಫ್. ಗೊಗ್ಗರು ಕೆಮ್ಮು, ಕೊನೆಗೆ ವಾಂತಿ ಬಂದಂತೆ ಕ್ಯಾಕರಿಸಿ ಒಂದಿಷ್ಟು ಬಿಳಿ ನೊರೆ. ಶ್ವಾಸನಾಳವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಕೆಮ್ಮು ಮತ್ತೆ ಶುರು. ಅಂಗಡಿಯಿಂದ ತಂದು ವಾರವಾಗಿದೆಯೇ, ಬೋರ್ಡಿಂಗಿನಲ್ಲಿ ಬಿಟ್ಟಿದ್ದಿರೇ ಎಂದು ಕೇಳಿದರೆ ಹೌದು ಎನ್ನುತ್ತಾರೆ. ಊಟ, ಆಟ ಚೆನ್ನಾಗಿದ್ದು ಜ್ವರವಿಲ್ಲದಿದ್ದರೆ ಆ್ಯಂಟಿಬಯೊಟಿಕ್ ಬೇಡ. ಕತ್ತಿನ ಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ಹಾಕಿ, ಬೇರೆ ನಾಯಿಗಳಿಂದ ದೂರವಿಡಿ. ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಊಟ ಬಿಟ್ಟು, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಕೆಮ್ಮು ಹಸಿಯಾಗಿದ್ದರೆ ಮಾತ್ರ ರೋಗ ಎದೆಗೆ ಇಳಿದಿದೆ ಎಂದು ತಿಳಿಯಬೇಕು. ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುವುದಾದರೆ ಹಿಂದೆಯೇ ಒಂದು ತುತ್ತು ಅನ್ನ ತಿನ್ನಿಸಿ. ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿ ಕೂತರೆ ಅಲ್ಲೇ ಸುಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿಯುತ್ತ, ಬೊಗಳುವ ದನಿ ಬದಲಾಗಿದ್ದರೆ ಅದೂ ‘ಮೂಳೆ ಸಿಕ್ಕಿದಂತೆ’ಯೇ ಕಾಣುತ್ತದೆ. ಅದು ರೇಬೀಸ್ ಇರಬಹುದು. ಬರಿಗೈ ಬಾಯೊಳಗೆ ಹಾಕಲೇಬೇಡಿ.

3. ಕಣ್ಣಲ್ಲಿ ಪಿಸಿರು, ಮೂಗಲ್ಲಿ ಕೀವು, ಜೊತೆಗೆ ಭೇದಿ

ಮೂರರಿಂದ ಆರು ತಿಂಗಳ, ಲಸಿಕೆಯಾಗದ ಮರಿಯಲ್ಲಿ ಇವು ಮೂರೂ ಸೇರಿದರೆ ಮೊದಲು ಡಿಸ್ಟೆಂಪರ್ ಎಂಬ ವೈರಸ್ ರೋಗ ನೆನಪಾಗಬೇಕು. ಮನೆಯವರು ‘ಶೀತ’ ಎನ್ನುತ್ತಾರೆ. ಜ್ವರ ಒಮ್ಮೆ ಏರಿ, ಇಳಿದು, ಕೆಲವು ದಿನ ಬಿಟ್ಟು ಮತ್ತೆ ಏರುತ್ತದೆ. ಆ ನಡುವಿನ ಬಿಡುವಿನಲ್ಲಿ ವಾಸಿಯಾಯಿತು ಎಂದುಕೊಂಡು ಆಸ್ಪತ್ರೆ ಬಿಡುವವರೇ ಹೆಚ್ಚು. ಅಷ್ಟರಲ್ಲಿ ವೈರಸ್ ಬಿಳಿರಕ್ತಕಣಗಳನ್ನು ಹೊಡೆದು ಹಾಕಿರುತ್ತದೆ, ಬೋರ್ಡಟೆಲ್ಲಾದಂಥ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ಇಳಿದಿರುತ್ತವೆ. ಹೊಟ್ಟೆ ತಿರುಗಿಸಿ ನೋಡಿ: ತೊಡೆಸಂದಿಯ ತೆಳು ಚರ್ಮದ ಮೇಲೆ ಸಣ್ಣ ಕೀವುಗುಳ್ಳೆ ಇರಬಹುದು. ಅಂಗಾಲು, ಮೂಗಿನ ತುದಿ ದಪ್ಪಗಾಗಿ ಬಿರಿದಿರಬಹುದು.

ಕಣ್ಣಿನ ಒಳಪೊರೆಯಿಂದ ಹತ್ತಿಕಡ್ಡಿಯಲ್ಲಿ ಒರೆಸಿ ಮಾಡುವ ಕಿಟ್ ಪರೀಕ್ಷೆ ಇದೆ. ಪಾಸಿಟಿವ್ ಬಂದರೆ ಉಪಯೋಗ. ನೆಗೆಟಿವ್ ಬಂದರೆ ರೋಗ ಇಲ್ಲ ಎನ್ನಲಾಗದು. ಈಚೆಗಷ್ಟೇ ಲಸಿಕೆ ಹಾಕಿಸಿದ್ದರೆ ಪಿಸಿಆರ್‌ನಲ್ಲಿ ಲಸಿಕೆಯ ವೈರಸ್ಸೇ ಸಿಕ್ಕಿಬೀಳಬಹುದು. ವೈರಸ್ ಕೊಲ್ಲುವ ಔಷಧ ನಮ್ಮ ಕೈಯಲ್ಲಿಲ್ಲ. ಎದೆಯ ಸೋಂಕಿಗೆ ಆ್ಯಂಟಿಬಯೊಟಿಕ್, ಡ್ರಿಪ್, ಪೋಷಣೆ, ಶುಶ್ರೂಷೆ, ಇಷ್ಟೇ ಆಧಾರ.

ಮೊದಲ ದಿನವೇ ಮನೆಯವರಿಗೆ ಒಂದು ಮಾತು ಹೇಳಿಬಿಡಬೇಕು: ಎದೆ ಸರಿಹೋದ ಮೇಲೂ ಎರಡು ಮೂರು ವಾರಕ್ಕೆ ಫಿಟ್ಸ್ ಬರಬಹುದು, ಚೂಯಿಂಗ್ ಗಮ್ ಅಗಿದಂತೆ ದವಡೆ ಆಡಬಹುದು, ಒಂದು ಕಾಲು ನಿದ್ದೆಯಲ್ಲೂ ಅದುರುತ್ತಲೇ ಇರಬಹುದು. ಹೇಳದಿದ್ದರೆ ‘ನಿಮ್ಮ ಇಂಜೆಕ್ಷನ್ನಿಂದಲೇ ಆಯಿತು’ ಎನ್ನುತ್ತಾರೆ. ಅವರದು ತಪ್ಪಲ್ಲ.

4. ಬಾಟಲಿ, ಗೊಟ್ಟ, ಸಿರಿಂಜು

ತಾಯಿಯಿಲ್ಲದ ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸಿಕೊಂಡು ಹಾಲು ಕುಡಿಸುತ್ತಾರೆ, ಬೇಗ ಮುಗಿಯಲಿ ಎಂದು ನಿಪ್ಪಲ್ಲಿನ ತೂತು ದೊಡ್ಡದು ಮಾಡುತ್ತಾರೆ. ಹಾಲು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಮರಿ ಹೊಟ್ಟೆಯ ಮೇಲೆ ಮಲಗಿ, ತಲೆ ತುಸು ಎತ್ತಿ ತಾನೇ ಚೀಪಬೇಕು. ಹಳ್ಳಿಗಳಲ್ಲಿ ದನಕ್ಕೆ ಕುಡಿಸುವ ಗೊಟ್ಟದ ಅಭ್ಯಾಸವೇ ನಾಯಿಗೂ ಬರುತ್ತದೆ. ಅದರಲ್ಲೂ ಎಣ್ಣೆ ಅಪಾಯ, ಕೆಮ್ಮು ಬರಿಸದೆ ಜಾರಿ ಇಳಿದುಬಿಡುತ್ತದೆ.

ಮೂಗಿನಿಂದ ಹಾಲು ಬಂದರೆ ಬಾಯಿ ತೆರೆದು ಅಂಗಳ ಸೀಳಿದೆಯೇ ನೋಡಿ. ಹಾಲು ಬಿಟ್ಟು ಗಟ್ಟಿ ಊಟಕ್ಕೆ ಬಂದ ಕೂಡಲೇ, ತಿಂದದ್ದನ್ನು ಶ್ರಮವಿಲ್ಲದೆ ಹಾಗೆಯೇ ಹೊರಹಾಕುವ ಮರಿಗೆ ಅನ್ನನಾಳ ಹಿಗ್ಗಿರಬಹುದು. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ಗಳಲ್ಲಿ ಇದು ಹೆಚ್ಚು. ಪದೇಪದೇ ಬರುವ ನ್ಯುಮೋನಿಯಾ, ಅದರಲ್ಲೂ ಎಕ್ಸ್‌ರೇಯಲ್ಲಿ ಬಲಗಡೆಯ ಮಧ್ಯದ ಹಾಲೆ ಬೆಳ್ಳಗಿದ್ದರೆ, ಔಷಧ ಬದಲಿಸುವ ಮೊದಲು ಊಟದ ಕಥೆ ಕೇಳಿ.

5. ಹುಳು ಹೊಟ್ಟೆಗಿಂತ ಮೊದಲು ಎದೆಗೆ ಬರುತ್ತದೆ

ದುಂಡುಹುಳುವಿನ ಮರಿಗಳು ತಾಯಿಯ ಗರ್ಭದಲ್ಲೇ ದಾಟಿ, ಹುಟ್ಟಿದ ಮೊದಲ ದಿನಗಳಲ್ಲಿ ಶ್ವಾಸಕೋಶದ ಮೂಲಕ ಸಾಗುತ್ತವೆ. ಆಗ ಮಲ ಪರೀಕ್ಷೆಯಲ್ಲಿ ಮೊಟ್ಟೆ ಸಿಗುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಕಾಯದೆ ಎರಡನೇ ವಾರಕ್ಕೇ ಜಂತುಔಷಧ ಶುರುಮಾಡಿ. ಎಂಟನೇ ವಾರದ ತನಕ ಹದಿನೈದು ದಿನಕ್ಕೊಮ್ಮೆ, ತಾಯಿಗೂ ಸೇರಿಸಿ.

6. ಎಲ್ಲ ಏದುಸಿರೂ ಸೋಂಕಲ್ಲ

ಚಾರ್ಜರ್ ವೈರ್ ಕಚ್ಚಿದ ಮರಿಯ ಶ್ವಾಸಕೋಶದಲ್ಲಿ ಕೆಲವೇ ಗಂಟೆಗಳಲ್ಲಿ ನೀರು ತುಂಬಬಹುದು. ನಾಲಿಗೆ, ಅಂಗಳದ ಮೇಲೆ ಸುಟ್ಟ ಗೆರೆ ಹುಡುಕಿ. ಇದಕ್ಕೆ ಬೇಕಾದ್ದು ಆಮ್ಲಜನಕ ಮತ್ತು ಪೂರ್ತಿ ವಿಶ್ರಾಂತಿ. ಸ್ಕೂಟರ್ ತಾಗಿದ ಮರಿಯ ಎದೆಯಲ್ಲಿ ಕರುಳಿನ ಗುಳುಗುಳು ಕೇಳಿಸಿದರೆ ವಪೆ ಹರಿದಿದೆ. ಇನ್ನು ಪಗ್. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ನಂತರ ನಮ್ಮ ನಗರಗಳಲ್ಲಿ ಮನೆಮಾತಾದ ಈ ತಳಿಯ ಗೊರಗೊರ ಸದ್ದನ್ನು ಮುದ್ದು ಎಂದುಕೊಂಡಿದ್ದೇವೆ. ಅದು ಸಣ್ಣ ಮೂಗಿನ ಹೊಳ್ಳೆಗಳ ಪಾಡು.

7. ಎಕ್ಸ್‌ರೇ ತಡವಾಗಿ ಮಾತಾಡುತ್ತದೆ

ಒಂದೇ ಮಗ್ಗುಲಿನ ಫಿಲ್ಮ್ ಸಾಲದು. ಕೆಳಗಾದ ಶ್ವಾಸಕೋಶ ಕುಗ್ಗಿ ರೋಗ ಅಡಗಿಕೊಳ್ಳುತ್ತದೆ. ಎಳೆಯ ಮರಿಗಳಲ್ಲಿ ಹೃದಯದ ಮುಂದೆ ಎಡಕ್ಕೆ ಹಾಯಿಯಂತೆ ಕಾಣುವುದು ಥೈಮಸ್ ಗ್ರಂಥಿ, ಗಾಬರಿ ಬೇಡ. ರೋಗ ಶುರುವಾದ ದಿನ ಫಿಲ್ಮ್ ಸ್ವಚ್ಛವಾಗಿರಬಹುದು, ಮರಿ ಓಡಾಡತೊಡಗಿದ ಮೇಲೂ ಬೆಳ್ಳಗೇ ಇರಬಹುದು. ಊಟ ಮಾಡುತ್ತಿದ್ದು, ನಿದ್ದೆಯ ಉಸಿರಿನ ಎಣಿಕೆ ಇಳಿಯುತ್ತಿದ್ದರೆ ನಾನು ಮರಿಯನ್ನೇ ನಂಬುತ್ತೇನೆ.

8. ಔಷಧಕ್ಕಿಂತ ಶುಶ್ರೂಷೆ ಹೆಚ್ಚು ಕೆಲಸ ಕೇಳುತ್ತದೆ

ಕೋವಿಡ್ ಕಾಲದಲ್ಲಿ ಕೊಂಡ ಆಮ್ಲಜನಕದ ಕಾನ್ಸಂಟ್ರೇಟರ್‌ಗಳು ಎಷ್ಟೋ ಮನೆಗಳಲ್ಲಿ ಸುಮ್ಮನೆ ಕೂತಿವೆ, ಕೇಳಿದರೆ ಕೊಡುತ್ತಾರೆ. ಕೊರಳಿನ ಪ್ಲಾಸ್ಟಿಕ್ ಕಾಲರಿನ ಮುಂಭಾಗಕ್ಕೆ ಕ್ಲಿಂಗ್ ಫಿಲ್ಮ್ ಸುತ್ತಿ, ಮೇಲೆ ಸಂದು ಬಿಟ್ಟು, ಕೆಳಗಿನಿಂದ ಕೊಳವೆ ತೂರಿಸಿದರೆ ಆಮ್ಲಜನಕದ ಗೂಡು ಸಿದ್ಧ. ಸಂದು ಬಿಡದಿದ್ದರೆ ಒಳಗೆ ಸೆಕೆಯಾಗಿ ಮರಿ ಒದ್ದಾಡುತ್ತದೆ. ದಿನಕ್ಕೆ ನಾಲ್ಕು ಸಲ ಹತ್ತು ಹದಿನೈದು ನಿಮಿಷ ಬರೀ ಸಲೈನಿನ ನೆಬ್ಯುಲೈಸರ್, ಆಮೇಲೆ ಅಂಗೈ ಗುಳಿ ಮಾಡಿ ಪಕ್ಕೆಯ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ತಟ್ಟಿ. ‘ಚಟ್’ ಎಂದರೆ ಕೈ ಚಪ್ಪಟೆಯಾಗಿದೆ, ‘ಬುಡ್’ ಎನ್ನಬೇಕು. ಹತ್ತು ಹೆಜ್ಜೆ ನಡೆಸಿದರೆ ಕಫ ಕದಲುತ್ತದೆ.

ಕೆಮ್ಮು ತಡೆಯುವ ಸಿರಪ್ ಬೇಡ, ಕೆಮ್ಮಿದರೇ ಕಫ ಹೊರಗೆ ಬರುವುದು. ನೀರು ಇಳಿಸುವ ಇಂಜೆಕ್ಷನ್ ಕಫವನ್ನು ಅಂಟಾಗಿಸುತ್ತದೆ. ‘ಒಂದು ಡೆಕ್ಸಾ ಹಾಕಿ’ ಎಂದು ಸ್ಟೀರಾಯ್ಡ್‌ಗಾಗಿ ಮಾಡುವ ಒತ್ತಾಯಕ್ಕೆ ಮಣಿಯಬೇಡಿ. ಬೆಳೆಯುವ ಮರಿಗೆ, ಅದರಲ್ಲೂ ದೊಡ್ಡ ತಳಿಗೆ, ಎನ್ರೋಫ್ಲಾಕ್ಸಸಿನ್ ಎಂಬ ಆ್ಯಂಟಿಬಯೊಟಿಕ್‌ನಿಂದ ಕೀಲಿನ ಮೃದ್ವಸ್ಥಿಗೆ ಹಾನಿ. ಜೀವಕ್ಕೇ ಬಂದಾಗ ಮಾತ್ರ ಅದು. ಮನೆಯ ಐಬುಪ್ರೊಫೇನ್, ಡೈಕ್ಲೊಫೆನಾಕ್ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿ ಹೋದೀತು. ಹತ್ತು ಹದಿನಾಲ್ಕು ದಿನಕ್ಕೆ ಮರಿಯನ್ನು ಮತ್ತೆ ನೋಡಿ, ಆ್ಯಂಟಿಬಯೊಟಿಕ್ ಮುಂದುವರಿಸಬೇಕೇ ಎಂದು ಆಗ ತೀರ್ಮಾನಿಸಿ. ಒಲೆಹೊಗೆ, ಊದುಬತ್ತಿ, ಸೊಳ್ಳೆಬತ್ತಿ ಆ ಕೋಣೆಯಲ್ಲಿ ಬೇಡ.

9. ಎರಡು ಇಂಜೆಕ್ಷನ್ ಆಯಿತು, ಮುಗಿಯಿತು?

ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವಷ್ಟು ದಿನ ಅದು ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಕೆಲವು ಮರಿಗಳಲ್ಲಿ ಅದು ಆರೇ ವಾರಕ್ಕೆ ಮುಗಿದರೆ, ಕೆಲವಲ್ಲಿ 16 ವಾರದವರೆಗೂ ಉಳಿಯುತ್ತದೆ. ಹಾಗಾಗಿಯೇ ಆರರಿಂದ ಎಂಟನೇ ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತ ಹೋಗುವುದು. ಲಸಿಕೆ ಪುಸ್ತಕ ತೆಗೆದು ಕೊನೆಯ ಡಿಸ್ಟೆಂಪರ್ ಚುಚ್ಚುಮದ್ದಿನ ತಾರೀಖು ನೋಡಿ. ಅಂದು ನಿಮ್ಮ ಮರಿಗೆ 16 ವಾರ ತುಂಬಿರದಿದ್ದರೆ ಇನ್ನೊಂದು ಬಾಕಿ ಇದೆ. ಈಗ ತುಂಬಿದ್ದರೆ ಈ ವಾರವೇ ಹಾಕಿಸಿ.